ಕಾಣದಿದ್ದರೆ ಕಳೆದುಹೋಯ್ತು ಅಂತಲ್ಲ

ಈ ಅಂಕಣಕ್ಕೆ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತೆ. ಬರೆಯುವವರು ಬೇರೆ ಬೇರೆ, ಗಾಬರಿ ಮಾತ್ರ ಒಂದೇ. “ಮೇಡಂ, ಪೆನ್‌ಡ್ರೈವ್‌ನಲ್ಲಿದ್ದ ಫೋಟೋ ಎಲ್ಲ ಹೋಯ್ತು. ಅಂಗಡಿಯವ್ರು ಫಾರ್ಮ್ಯಾಟ್ ಮಾಡಿ ಅಂತಾರೆ. ಮಾಡ್ಲಾ?”

ಮಾಡಬೇಡಿ. ಯಾಕೆ ಅನ್ನೋದನ್ನ ಈ ಸಲ ವಿವರವಾಗಿ ಹೇಳ್ತೀನಿ.

ಕಂಪ್ಯೂಟರ್‌ನಲ್ಲಿ ಒಂದು ಫೈಲ್ ಇಲ್ಲದಿರುವುದು ಬೇರೆ, ಕಾಣದಿರುವುದು ಬೇರೆ. ಪ್ರತಿ ಫೈಲಿಗೂ ವಿಂಡೋಸ್ ಕೆಲವು ಗುರುತುಗಳನ್ನು ಇಟ್ಟುಕೊಂಡಿರುತ್ತೆ. ಅವುಗಳಲ್ಲಿ ಎರಡು ನಮಗೆ ಮುಖ್ಯ. ಒಂದು ‘ಹಿಡನ್’, ಅಂದರೆ ಇದನ್ನು ತೋರಿಸಬೇಡ ಅಂತ. ಇನ್ನೊಂದು ‘ಸಿಸ್ಟಮ್’, ಅಂದರೆ ಇದು ಕಂಪ್ಯೂಟರಿನ ಸ್ವಂತ ಸಾಮಾನು, ಮುಟ್ಟಬೇಡ ಅಂತ. ಇದು ಇವತ್ತಿನ ಪದ್ಧತಿಯೇನಲ್ಲ. ಹಳೆಯ ಡಾಸ್ ಕಾಲದಲ್ಲೂ ಕಂಪ್ಯೂಟರ್ ಶುರುವಾಗಲು ಬೇಕಾದ ಎರಡು ಫೈಲುಗಳನ್ನು ಹೀಗೇ ಮರೆಮಾಡಿ ಇಡುತ್ತಿದ್ದರು, ಯಾರೂ ಕೈತಪ್ಪಿ ಅಳಿಸದಿರಲಿ ಅಂತ. ಈ ಒಳ್ಳೆಯ ಉದ್ದೇಶದ ಗುರುತನ್ನೇ ವೈರಸ್ ಬರೆಯುವವರು ಬಳಸಿಕೊಂಡರು.

ನಮ್ಮ ಬೀದಿಯಲ್ಲೇ ಹೀಗಾಯ್ತು. ಎದುರು ಮನೆಯ ಅಕ್ಕ ತಮ್ಮ ಮಾವನವರ ಸಹಸ್ರಚಂದ್ರ ದರ್ಶನದ ಫೋಟೋಗಳನ್ನು ಪ್ರಿಂಟ್ ಹಾಕಿಸೋಣ ಅಂತ ಪೆನ್‌ಡ್ರೈವ್ ತಗೊಂಡು ಒಂದು ಅಂಗಡಿಗೆ ಹೋಗಿದ್ದರು. ಮಾವ ಆ ಶಾಂತಿಯಾದ ಮುಂದಿನ ವರ್ಷವೇ ತೀರಿಕೊಂಡಿದ್ದರು. ಮನೆಗೆ ಬಂದು ನೋಡಿದರೆ ಫೋಲ್ಡರ್‌ಗಳ ಜಾಗದಲ್ಲಿ ಅದೇ ಹೆಸರಿನ ಶಾರ್ಟ್‌ಕಟ್‌ಗಳು, ಮೂಲೆಯಲ್ಲಿ ಪುಟ್ಟ ಬಾಣದ ಗುರುತು. ನನ್ನ ಹತ್ತಿರ ಬಂದಾಗ ಅವರ ಗಂಟಲು ಕಟ್ಟಿತ್ತು. “ಇದೊಂದೇ ಕಾಪಿ ಇದ್ದದ್ದು ಕಣ್ರೀ. ಮಾವ ಎಲ್ರಿಗೂ ಅಕ್ಷತೆ ಹಾಕಿದ ವಿಡಿಯೋನೂ ಇದ್ರಲ್ಲೇ ಇತ್ತು.”

ನಾನು ಮೊದಲು ನೋಡಿದ್ದು ಜಾಗ. ‘ದಿಸ್ ಪಿಸಿ’ ತೆರೆದು, ಪೆನ್‌ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್ ಒತ್ತಿ. ಎಷ್ಟು ತುಂಬಿದೆ ಅಂತ ಅಲ್ಲಿ ತೋರಿಸುತ್ತೆ. ಅವರ 16 ಜಿಬಿ ಪೆನ್‌ಡ್ರೈವ್‌ನಲ್ಲಿ 11 ಜಿಬಿ ತುಂಬಿತ್ತು. ನಾಲ್ಕು ಶಾರ್ಟ್‌ಕಟ್‌ಗಳಿಗೆ ಅಷ್ಟು ಜಾಗ ಬೇಕಿಲ್ಲ. ಅಂದಮೇಲೆ ಫೋಟೋಗಳು ಒಳಗೇ ಇವೆ. ಅಷ್ಟು ಹೇಳಿದ್ದಕ್ಕೇ ಅವರು ಕುರ್ಚಿ ಎಳೆದು ಕೂತರು.

ನಿಮಗೂ ಹೀಗಾದರೆ ಮಾಡಬೇಕಾದದ್ದು ಇಷ್ಟು. ಆ ಶಾರ್ಟ್‌ಕಟ್ ಮೇಲೆ ಕ್ಲಿಕ್ ಮಾಡಲೇಬೇಡಿ. ಅದು ಫೋಲ್ಡರನ್ನೂ ತೆರೆಯಬಹುದು, ಜೊತೆಗೆ ವೈರಸ್ಸನ್ನೂ ಓಡಿಸುತ್ತೆ. ಫೋಲ್ಡರ್ ತೆರೆದುಕೊಳ್ಳುವುದರಿಂದಲೇ ಎಷ್ಟೋ ಜನಕ್ಕೆ ಅನುಮಾನವೇ ಬರಲ್ಲ. ಮೊದಲು ಪೆನ್‌ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಫೆಂಡರ್‌ನಿಂದ ಸ್ಕ್ಯಾನ್ ಮಾಡಿಸಿ.

ಆಮೇಲೆ ಅಡಗಿದ್ದನ್ನು ತೋರಿಸುವ ಕೆಲಸ. ಕೀಬೋರ್ಡ್‌ನಲ್ಲಿ ವಿಂಡೋಸ್ ಕೀ ಜೊತೆ ‘ಇ’ ಒತ್ತಿದರೆ ಫೈಲ್ ಎಕ್ಸ್‌ಪ್ಲೋರರ್ ತೆರೆಯುತ್ತೆ. ವಿಂಡೋಸ್ 10 ಆದರೆ ಮೇಲಿನ ‘ವ್ಯೂ’ಗೆ ಹೋಗಿ ‘ಹಿಡನ್ ಐಟಮ್ಸ್’ಗೆ ಟಿಕ್ ಹಾಕಿ. ವಿಂಡೋಸ್ 11 ಆದರೆ ‘ವ್ಯೂ’, ಅದರೊಳಗೆ ‘ಶೋ’, ಅದರೊಳಗೆ ‘ಹಿಡನ್ ಐಟಮ್ಸ್’. ಅಡಗಿದ್ದ ಫೋಲ್ಡರ್‌ಗಳು ಸ್ವಲ್ಪ ಮಸುಕಾಗಿ ಕಾಣಿಸ್ತವೆ.

ಎಷ್ಟೋ ಜನ ಇಲ್ಲಿವರೆಗೆ ಬಂದು, ಏನೂ ಕಾಣಲಿಲ್ಲ ಅಂತ ಕೈಬಿಡ್ತಾರೆ. ವೈರಸ್ ಹಿಡನ್ ಗುರುತಿನ ಜೊತೆಗೆ ಸಿಸ್ಟಮ್ ಗುರುತನ್ನೂ ಹಾಕಿದ್ದರೆ ಈ ಒಂದು ಟಿಕ್ ಸಾಲದು. ‘ಆಪ್ಷನ್ಸ್’ ತೆರೆದು, ಅಲ್ಲಿನ ‘ವ್ಯೂ’ ಪಟ್ಟಿಯಲ್ಲಿ ‘ಹೈಡ್ ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಮ್ ಫೈಲ್ಸ್’ ಎಂಬಲ್ಲಿರುವ ಟಿಕ್ ತೆಗೀಬೇಕು. ವಿಂಡೋಸ್ ಒಂದು ಎಚ್ಚರಿಕೆ ಕೊಡುತ್ತೆ, ‘ಎಸ್’ ಅನ್ನಿ. ಕೆಲವೊಮ್ಮೆ ಎಲ್ಲ ಫೈಲುಗಳೂ ಹೆಸರೇ ಇಲ್ಲದ ಒಂದು ಫೋಲ್ಡರಿನಲ್ಲಿ ಸಿಗುತ್ತವೆ. ಅದನ್ನೂ ತೆರೆದು ನೋಡಿ. ಅಕ್ಕನ ಫೋಲ್ಡರ್‌ಗಳು ಕಂಡದ್ದು ಈ ಎರಡನೇ ಟಿಕ್ ತೆಗೆದ ಮೇಲೆಯೇ.

ಕಂಡ ಫೋಲ್ಡರ್‌ಗಳನ್ನು ಕಂಪ್ಯೂಟರಿಗೆ ಕಾಪಿ ಮಾಡಿಕೊಳ್ಳಿ. ಮಸುಕು ಹೋಗಬೇಕಾದರೆ ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಪೆನ್‌ಡ್ರೈವ್‌ನ ಅಕ್ಷರ ಬರೆದು, ಪಕ್ಕದಲ್ಲಿ ಕೋಲನ್ ಹಾಕಿ ಎಂಟರ್ ಒತ್ತಿ. ಆಮೇಲೆ ‘ಆಟ್ರಿಬ್’ (ಎ, ಟಿ, ಟಿ, ಆರ್, ಐ, ಬಿ), ಮೈನಸ್ ಎಚ್, ಮೈನಸ್ ಎಸ್, ಒಂದು ನಕ್ಷತ್ರ ಚಿಹ್ನೆ, ಸ್ಲಾಶ್ ಎಸ್, ಸ್ಲಾಶ್ ಡಿ. ಒಂದೊಂದರ ನಡುವೆಯೂ ಒಂದು ಸ್ಪೇಸ್ ಇರಲಿ. ಎಚ್ ಅಂದರೆ ಹಿಡನ್, ಎಸ್ ಅಂದರೆ ಸಿಸ್ಟಮ್. ಎರಡನ್ನೂ ಒಟ್ಟಿಗೇ ತೆಗೆಯಬೇಕು, ಒಂದನ್ನು ಬಿಟ್ಟು ಇನ್ನೊಂದು ಹೋಗಲ್ಲ. ಫೋಟೋಗಳನ್ನು ತೆರೆದು ನೋಡಿ ಖಾತ್ರಿಯಾದ ಮೇಲೆ ಬೇಕಾದರೆ ಫಾರ್ಮ್ಯಾಟ್ ಮಾಡಿ. ಅಲ್ಲಿವರೆಗೆ ಬೇಡ.

ಇಷ್ಟೆಲ್ಲ ತೆರೆದಿಟ್ಟಾಗ ನಿಮ್ಮ ಸಿ ಡ್ರೈವ್‌ನಲ್ಲೂ ಹೊಸ ಹೆಸರುಗಳು ಕಾಣ್ತವೆ. ಪೇಜ್‌ಫೈಲ್, ಹೈಬರ್‌ಫಿಲ್, ಸಿಸ್ಟಮ್ ವಾಲ್ಯೂಮ್ ಇನ್ಫರ್ಮೇಶನ್, ಪ್ರೋಗ್ರಾಮ್‌ಡೇಟಾ. ಕೆಲವು ಹಲವಾರು ಜಿಬಿ ಇರ್ತವೆ. “ಅಯ್ಯೋ, ಇಷ್ಟು ಕಸ!” ಅಂತ ಅಳಿಸಲು ಹೋಗಬೇಡಿ. ಅವೆಲ್ಲ ವಿಂಡೋಸ್ ತನ್ನ ಕೆಲಸಕ್ಕೆ ಇಟ್ಟುಕೊಂಡದ್ದು.

ಆದರೆ ಒಂದು ಅಡಗಿದ ಫೋಲ್ಡರನ್ನು ಮಾತ್ರ ಪರಿಚಯ ಮಾಡಿಕೊಳ್ಳಿ. ಅದರ ಹೆಸರು ‘ಆಪ್‌ಡೇಟಾ’. ‘ಯೂಸರ್ಸ್’ನೊಳಗೆ ನಿಮ್ಮ ಹೆಸರಿನ ಫೋಲ್ಡರ್ ಇದೆಯಲ್ಲ, ಅದರಲ್ಲಿರುತ್ತೆ. ಕ್ರೋಮ್, ಫೈರ್‌ಫಾಕ್ಸ್‌ಗಳಲ್ಲಿ ನೀವು ಉಳಿಸಿಟ್ಟ ಬುಕ್‌ಮಾರ್ಕ್‌ಗಳು, ಸ್ಟಿಕಿ ನೋಟ್ಸ್‌ನಲ್ಲಿ ಬರೆದ ಚೀಟಿಗಳು ಇಲ್ಲೇ ಇರೋದು. ವರ್ಡ್‌ನಲ್ಲಿ ಬರೆಯುತ್ತಿದ್ದಾಗ ಕರೆಂಟ್ ಹೋದರೆ ಅದು ತಾನಾಗಿ ಉಳಿಸಿಕೊಂಡ ಪ್ರತಿ ಇದರೊಳಗೆ ಸಿಗಬಹುದು. ಕಂಪ್ಯೂಟರ್ ರಿಪೇರಿಗೆ ಕೊಡುವಾಗ ನಾವು ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಕಾಪಿ ಮಾಡಿಕೊಂಡು ನಿಶ್ಚಿಂತರಾಗ್ತೀವಿ. ಆಪ್‌ಡೇಟಾ ಕಾಣದ ಕಾರಣಕ್ಕೆ ಅಲ್ಲೇ ಉಳಿದು, ಫಾರ್ಮ್ಯಾಟ್‌ನಲ್ಲಿ ಹೋಗಿಬಿಡುತ್ತೆ. ವಿಂಡೋಸ್ ಮತ್ತೆ ಹಾಕಿಸುವ ಮುಂಚೆ ಅದರದೂ ಒಂದು ಪ್ರತಿ ತೆಗೆದಿಡಿ.

ಇನ್ನೊಂದು ಮಾತು. ಬ್ಯಾಂಕಿನ ಪಾಸ್‌ವರ್ಡ್ ಬರೆದ ಫೈಲನ್ನು ಹಿಡನ್ ಮಾಡಿಟ್ಟಿದ್ದೀನಿ, ಭಯವಿಲ್ಲ ಅಂತ ಓದುಗರೊಬ್ಬರು ಬರೆದಿದ್ದಾರೆ. ಸಾಸಿವೆ ಡಬ್ಬಿಯಲ್ಲಿ ದುಡ್ಡಿಟ್ಟ ಹಾಗೆ ಅದು. ಮನೆಗೆ ಬಂದ ಕಳ್ಳ ಮೊದಲು ನೋಡೋದೇ ಅಲ್ಲಿ. ಒಂದು ಟಿಕ್ ಹಾಕಿದರೆ ನಿಮ್ಮ ಫೈಲ್ ಯಾರಿಗೆ ಬೇಕಾದರೂ ಕಾಣುತ್ತೆ. ಗುಟ್ಟಾಗಿಡಬೇಕಾದದ್ದಕ್ಕೆ ಪಾಸ್‌ವರ್ಡ್ ಇರಲಿ. ವರ್ಡ್, ಎಕ್ಸೆಲ್ ಫೈಲುಗಳಿಗೆ ಅದನ್ನು ಹಾಕುವ ಸೌಲಭ್ಯ ಅವುಗಳಲ್ಲೇ ಇದೆ.

ಕೆಲಸ ಮುಗಿದ ಮೇಲೆ ಸಿಸ್ಟಮ್ ಫೈಲುಗಳ ಟಿಕ್ಕನ್ನು ಮೊದಲಿನಂತೆ ಹಾಕಿಬಿಡಿ. ಮನೆಯಲ್ಲಿ ಮಕ್ಕಳು ಕಂಪ್ಯೂಟರ್ ಮುಟ್ಟುತ್ತಿದ್ದರೆ ಇದು ಇನ್ನೂ ಮುಖ್ಯ. ಹಾಗೇ ಮತ್ತೆ ಸಿಗದಂಥ ಫೋಟೋಗಳನ್ನು ಒಂದೇ ಪೆನ್‌ಡ್ರೈವ್‌ನಲ್ಲಿ ಇಡಬೇಡಿ, ಎರಡು ಕಡೆ ಇರಲಿ. ಅಂಗಡಿಗೆ ಹೋಗುವಾಗ ಬೇಕಾದ ನಾಲ್ಕು ಫೋಟೋ ಮಾತ್ರ ಬೇರೆ ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೋಗಿ.

ಯಾವ ಹೆಜ್ಜೆಯಲ್ಲಾದರೂ ಸಿಕ್ಕಿಕೊಂಡರೆ, ನಿಮ್ಮದು ಯಾವ ವಿಂಡೋಸ್ ಅಂತ ತಿಳಿಸಿ ಬರೆಯಿರಿ. ಉತ್ತರ ಬರುವವರೆಗೆ ಆ ಪೆನ್‌ಡ್ರೈವ್‌ಗೆ ಹೊಸದಾಗಿ ಏನನ್ನೂ ತುಂಬಬೇಡಿ.