ಮೂರನೇ ರೀಡಿಂಗ್ ಎಲ್ಲಿ ಹೋಯಿತು?

ಕಳೆದ ತಿಂಗಳ ಕೆಮಿಸ್ಟ್ರಿ ಪ್ರಾಕ್ಟಿಕಲ್‌ನಲ್ಲಿ ಮೋರ್ ಲವಣದ ಟೈಟ್ರೇಶನ್ ಇತ್ತು. ಬ್ಯುರೆಟ್‌ನಲ್ಲಿ ಪೊಟ್ಯಾಸಿಯಂ ಪರ್ಮ್ಯಾಂಗನೇಟ್. ಮೊದಲೆರಡು ಸಲ 9.8 ಬಂತು, ಮೂರನೇ ಸಲ 10.6. ಇನ್ನೊಮ್ಮೆ ಮಾಡಬೇಕಿತ್ತು, ಬೇಸರವಾಗಿತ್ತು. "ಮೂರಕ್ಕೂ 9.8 ಬರಿ, ಯಾರು ನೋಡ್ತಾರೆ" ಎಂದಳು ಪಕ್ಕದವಳು. ಬರೆದೆ. ರೆಕಾರ್ಡ್‌ಗೆ ಸಹಿಯೂ ಬಿತ್ತು. ಇದನ್ನು ಓದುತ್ತಿರುವ ಸೈನ್ಸ್‌ನವರಲ್ಲಿ ಒಮ್ಮೆಯೂ ಹೀಗೆ ಮಾಡದವರಿದ್ದರೆ ಅವರಿಗೆ ನನ್ನ ಸಲಾಂ.

ಇದು ದೊಡ್ಡ ತಪ್ಪೆಂದು ನನಗೆ ಅನಿಸಿರಲಿಲ್ಲ, ಈದ್‌ಗೆ ನಮ್ಮ ಆಪಾ ಬರುವವರೆಗೆ. ಅವರು ನನ್ನ ದೊಡ್ಡಮ್ಮನ ಮಗಳು. ಲೋಹವಿಜ್ಞಾನದಲ್ಲಿ ಪಿಎಚ್‌.ಡಿ. ಮಾಡುತ್ತಿದ್ದಾರೆ, ಈಗ ನಾಲ್ಕನೇ ವರ್ಷ. ಹಬ್ಬದ ಮರುದಿನವೇ ಬ್ಯಾಗ್ ಕಟ್ಟಿದರು. ಅಮ್ಮಿ ಕೇಳಿದ್ದಕ್ಕೆ "ಫರ್ನೇಸ್‌ನಲ್ಲಿ ಸ್ಯಾಂಪಲ್ ಇಟ್ಟು ಬಂದಿದ್ದೇನೆ, ನಾಳೆ ಬೆಳಿಗ್ಗೆ ತೆಗೀಬೇಕು" ಎಂದರು. ಒಲೆ ಮೇಲೆ ಹಾಲಿಟ್ಟು ಬಂದವರ ಅವಸರ.

ಅವರ ಕೆಲಸ ಅಲ್ಯೂಮಿನಿಯಂ ಮಿಶ್ರಲೋಹದ ಮೇಲೆ. ಒಂದು ಗಟ್ಟಿಯಿಂದ ಬೆರಳ ತುದಿಯಷ್ಟು ತುಂಡುಗಳನ್ನು ಕತ್ತರಿಸಿ, 500 ಡಿಗ್ರಿಗೂ ಮೇಲೆ ಕಾಯಿಸಿ, ತಟ್ಟನೆ ನೀರಿಗೆ ಹಾಕುತ್ತಾರೆ. ಉಕ್ಕನ್ನು ಹೀಗೆ ಮಾಡಿದರೆ ಆಗಲೇ ಗಡುಸಾಗುತ್ತದೆ. ಅಲ್ಯೂಮಿನಿಯಂ ಹಾಗಲ್ಲ, ಮೆತ್ತಗೇ ಇರುತ್ತದೆ. ಆಮೇಲೆ ಅದನ್ನು 190 ಡಿಗ್ರಿಯಲ್ಲಿ ಇಟ್ಟು ಕಾಯಬೇಕು: ಒಂದು ಗಂಟೆ, ನಾಲ್ಕು ಗಂಟೆ, ಹದಿನಾರು ಗಂಟೆ, ನೂರು ಗಂಟೆ. ಪ್ರತಿ ಸಲ ಒಂದು ತುಂಡು ತೆಗೆದು, ಎಮರಿ ಕಾಗದದ ಮೇಲೆ ಉಜ್ಜಬೇಕು. ಒರಟು ಕಾಗದದಿಂದ ನಯವಾದದ್ದಕ್ಕೆ ಹೋಗುವಾಗ ತುಂಡನ್ನು ಅಡ್ಡ ತಿರುಗಿಸಿ, ಹಿಂದಿನ ಗೀರು ಪೂರ್ತಿ ಅಳಿಯುವವರೆಗೆ. ಕೊನೆಗೆ ಕನ್ನಡಿಯಂತಾದ ಮೇಲೆ ವಜ್ರದ ಮೊನೆಯಿಂದ ಒತ್ತಿ, ಆ ಗುರುತು ಎಷ್ಟು ಅಗಲವಾಯಿತೆಂದು ಅಳೆದರೆ ಗಡಸುತನ ತಿಳಿಯುತ್ತದೆ. ಒಂದೇ ತುಂಡಿನಲ್ಲಿ ಹತ್ತು ಕಡೆ ಅಳೆದು ಸರಾಸರಿ. ಆಪಾ ಅವರ ಕೈಯ ಮೆಹಂದಿಗಿಂತ ಉಗುರಿನ ಕಪ್ಪೇ ಹೆಚ್ಚು ಕಾಣುತ್ತಿತ್ತು.

ಎರಡನೇ ವರ್ಷದಲ್ಲಿ ಕೆಲವು ತುಂಡುಗಳು ಉಳಿದವಕ್ಕಿಂತ ಮೆತ್ತಗೆ ಬಂದವಂತೆ. ಅದೇ ಗಟ್ಟಿ, ಅದೇ ಶಾಖ, ಅದೇ ಗಂಟೆ. ನಾನಾಗಿದ್ದರೆ ಏನು ಮಾಡುತ್ತಿದ್ದೆ ಎಂಬುದು ನಿಮಗೆ ಗೊತ್ತು. ಅವರು ಆ ಅಂಕಿಗಳನ್ನು ಹಾಗೇ ಬರೆದಿಟ್ಟು ಕಾರಣ ಹುಡುಕಿದರು. ಹುಡುಕುವುದಕ್ಕೆ ಐದು ತಿಂಗಳು ಹೋಯಿತು. ಕೊನೆಗೆ ತಿಳಿದದ್ದಿಷ್ಟು: ಫರ್ನೇಸ್ ಬಾಗಿಲು ತೆಗೆದು ನೀರಿಗೆ ಹಾಕುವಾಗ ಆ ತುಂಡುಗಳಿಗೆ ಕೆಲವು ಸೆಕೆಂಡು ತಡವಾಗಿತ್ತು. ಈಗ ಅದನ್ನೇ ಬೇಕೆಂದು ಮಾಡುತ್ತಿದ್ದಾರೆ. 5 ಸೆಕೆಂಡು ತಡ, 10 ಸೆಕೆಂಡು ತಡ, 20 ಸೆಕೆಂಡು ತಡ. ಅದು ಅವರ ಪ್ರಬಂಧದ ಒಂದು ಅಧ್ಯಾಯ ಆಗುತ್ತದೆಯಂತೆ.

ಈ ವಿಷಯ ಹುಟ್ಟಿದ್ದೇ ಹೊಂದದ ರೀಡಿಂಗ್‌ನಿಂದ. ಜರ್ಮನಿಯ ಆಲ್ಫ್ರೆಡ್ ವಿಲ್ಮ್ 1906ರಲ್ಲಿ ತಾಮ್ರ, ಮೆಗ್ನೀಸಿಯಂ ಬೆರೆಸಿದ ಅಲ್ಯೂಮಿನಿಯಂ ಅಳೆದಾಗ ಮೆತ್ತಗಿತ್ತು. ಒಂದೆರಡು ದಿನ ಬಿಟ್ಟು ಅದನ್ನೇ ಅಳೆದರೆ ಗಡುಸು. ಮೊದಲಿನ ಅಂಕಿಯನ್ನೇ ನಕಲು ಮಾಡಿದ್ದರೆ ವಿಮಾನಕ್ಕೆ ಡ್ಯುರಾಲ್ಯುಮಿನ್ ಆಗ ಸಿಗುತ್ತಿರಲಿಲ್ಲ. ಹಾಗೇಕೆ ಆಗುತ್ತದೆಂದು ಎಕ್ಸ್‌ರೇಯಿಂದ ತೋರಿಸಿದ್ದು 1938ರಲ್ಲಿ, ಗಿನಿಯೆ ಮತ್ತು ಪ್ರೆಸ್ಟನ್. 1982ರ ಏಪ್ರಿಲ್ 8ರಂದು ಡ್ಯಾನ್ ಶೆಖ್ಟ್‌ಮನ್ ಅಲ್ಯೂಮಿನಿಯಂ-ಮ್ಯಾಂಗನೀಸ್ ಮಿಶ್ರಲೋಹದಲ್ಲಿ ಪಠ್ಯಪುಸ್ತಕ ಒಪ್ಪದ ಹತ್ತರ ಸಮಮಿತಿ ಕಂಡರು. ನೋಟ್‌ಬುಕ್‌ನಲ್ಲಿ ಅದರ ಮುಂದೆ ಮೂರು ಪ್ರಶ್ನಾರ್ಥಕ ಚಿಹ್ನೆ ಹಾಕಿದರು, ಹೊಡೆದುಹಾಕಲಿಲ್ಲ. 2011ರಲ್ಲಿ ಅದಕ್ಕೆ ನೊಬೆಲ್ ಬಂತು.

ಪ್ರಾಕ್ಟಿಕಲ್‌ಗೆ 30 ಅಂಕ, ಅದನ್ನು ಕಳೆದುಕೊಳ್ಳಲು ಯಾರಿಗೆ ಮನಸ್ಸಿದೆ ಎಂದು ನೀವು ಕೇಳಬಹುದು. ನಿಜ. ಹಾಗಾಗಿ ಪರೀಕ್ಷೆಯ ಮಾತು ಬಿಡೋಣ. ವರ್ಷವಿಡೀ ಬರೆಯುವ ರೆಕಾರ್ಡ್‌ನಲ್ಲಾದರೂ ಹೊಂದದ ರೀಡಿಂಗ್‌ಗೆ ಒಂದು ಸಾಲು, ಅದು ಯಾಕೆ ಬಂದಿರಬಹುದು ಎಂಬುದಕ್ಕೆ ಇನ್ನೊಂದು ಸಾಲು ಇರಲಿ. ಅದಕ್ಕಾಗಿ ಅಂಕ ಕಡಿಯಬೇಡಿ ಎಂದು ನಮ್ಮ ಉಪನ್ಯಾಸಕರಲ್ಲಿ ಕೇಳಿಕೊಳ್ಳುತ್ತೇನೆ. ಸರಿ ಉತ್ತರಕ್ಕೆ ಮಾತ್ರ ಸಹಿ ಸಿಗುತ್ತದೆ ಎಂದಾದರೆ ನಾವು ಸರಿ ಉತ್ತರವನ್ನೇ ತಯಾರಿಸುತ್ತೇವೆ, ಟೈಟ್ರೇಶನ್ ಮಾಡುವುದಿಲ್ಲ.

ಇನ್ನೊಂದು ಮಾತು. ಹಬ್ಬಕ್ಕೆ ಬಂದ ನೆಂಟರೆಲ್ಲ ಆಪಾ ಅವರನ್ನು "ಇನ್ನೂ ಓದುತ್ತಿದ್ದೀಯಾ?" ಎಂದೇ ಕೇಳಿದರು. ನೀಟ್, ಸಿಇಟಿ ಬಿಟ್ಟರೆ ಸೈನ್ಸ್‌ನಲ್ಲಿ ದಾರಿಯೇ ಇಲ್ಲ ಎಂದು ನಾವೂ ನಂಬಿದ್ದೇವೆ. ಸಂಶೋಧನೆ ಮಾಡುವವರಿಗೆ ಸಂಬಳವಿಲ್ಲ ಎಂಬುದೂ ತಪ್ಪು. ಜೆಆರ್‌ಎಫ್ ಸಿಕ್ಕವರಿಗೆ 2023ರಿಂದ ಮೊದಲೆರಡು ವರ್ಷ ತಿಂಗಳಿಗೆ 37,000 ರೂಪಾಯಿ ಇದೆ. ಬೆಂಗಳೂರಿನ ಐಐಎಸ್‌ಸಿಯಲ್ಲಿ, ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಲೋಹ ಮತ್ತು ವಸ್ತುಗಳ ವಿಭಾಗಗಳಿವೆ. ಐಐಎಸ್‌ಸಿಯ ಓಪನ್ ಡೇ ದಿನ ಯಾರು ಬೇಕಾದರೂ ಹೋಗಿ ಪ್ರಯೋಗಾಲಯ ನೋಡಬಹುದು. ವರ್ಷಕ್ಕೊಂದು ಪ್ರವಾಸ ಹೇಗೂ ಇದೆಯಲ್ಲ, ಒಂದು ಸಲ ಬಸ್ಸು ಆ ಕಡೆ ತಿರುಗಲಿ.

ಆಪಾ ಹೊರಟ ದಿನ ರಾತ್ರಿ ನನ್ನ ರೆಕಾರ್ಡ್ ತೆರೆದು ಮೂರನೇ 9.8ನ್ನು ಹೊಡೆದು ಪಕ್ಕದಲ್ಲಿ 10.6 ಬರೆದೆ. ಬಹುಶಃ ಗುಲಾಬಿ ಬಣ್ಣ ಬಂದ ಮೇಲೂ ಹನಿ ಬಿಟ್ಟಿರಬೇಕು, ಅದನ್ನೂ ಬರೆದೆ. ಸೋಮವಾರ ಪುಸ್ತಕವನ್ನು ಸರ್‌ಗೆ ಕೊಟ್ಟಿದ್ದೇನೆ. ಇನ್ನೂ ವಾಪಸ್ ಬಂದಿಲ್ಲ.