‘ಸ್ವಲ್ಪ ತಿಂದರೆ ಏನಾದೀತು?’

ನಮ್ಮ ಮನೆಗಳ ಹಬ್ಬದೂಟಗಳಲ್ಲಿ ಒತ್ತಾಯ ಮಾಡಿ ಬಡಿಸುವುದು ಪ್ರೀತಿಯ ಲಕ್ಷಣವೆಂದೇ ಎಣಿಸಲ್ಪಟ್ಟಿದೆ. ಜ್ಞಾನಸ್ನಾನದ ಸಂತೋಷಕೂಟವಿರಲಿ, ಪ್ರಥಮ ಪರಮಪ್ರಸಾದದ ಔತಣವಿರಲಿ, ‘ಬೇಡ’ ಎಂಬ ಮಾತನ್ನು ಸಂಕೋಚವೆಂದು ಭಾವಿಸಿ ಮತ್ತೊಂದು ಸೌಟು ಹೆಚ್ಚಿಗೆ ಬಡಿಸುವವರೇ ನಾವೆಲ್ಲ. ಬೇಡವೆನ್ನುವುದು ಆರು ವರ್ಷದ ಮಗುವಾದರಂತೂ ಅದರ ಮಾತಿಗೆ ಬೆಲೆಯೇ ಇರುವುದಿಲ್ಲ. “ಇದಕ್ಕೆ ಗೇರುಬೀಜ ಆಗದು” ಎಂದು ತಾಯಿ ಹೇಳಿದರೆ, “ಸ್ವಲ್ಪ ತಿಂದರೆ ಏನಾದೀತು? ತಿಂದು ತಿಂದೇ ಅಭ್ಯಾಸವಾಗಬೇಕು” ಎಂಬ ಉತ್ತರ ಸಿದ್ಧವಾಗಿರುತ್ತದೆ. ಹೀಗೆನ್ನುವವರು ಕೆಟ್ಟವರಲ್ಲ, ಹೆಚ್ಚಾಗಿ ಮನೆಯ ಹಿರಿಯರು, ಮಗುವನ್ನು ಅತಿಯಾಗಿ ಪ್ರೀತಿಸುವವರು. ಆದುದರಿಂದಲೇ ಈ ಮಾತನ್ನು ಸ್ವಲ್ಪ ವಿಚಾರಿಸಿ ನೋಡುವ ಅಗತ್ಯವಿದೆ.

ಅಲರ್ಜಿ ಎಂಬ ಪದವನ್ನು 1906ರಲ್ಲಿ ಬಳಕೆಗೆ ತಂದವರು ಆಸ್ಟ್ರಿಯಾದ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ. ರೋಗಾಣುಗಳನ್ನು ಎದುರಿಸಬೇಕಾದ ದೇಹದ ರಕ್ಷಣಾ ವ್ಯವಸ್ಥೆಯು ಹಾಲು, ಮೊಟ್ಟೆ, ನೆಲಗಡಲೆ, ಸಿಗಡಿ ಮುಂತಾದ ನಿರಪಾಯ ಆಹಾರದ ಪ್ರೋಟೀನನ್ನೇ ಶತ್ರುವೆಂದು ತಪ್ಪಾಗಿ ಗುರುತಿಸುವುದರಿಂದ ಈ ತೊಂದರೆ ಹುಟ್ಟುತ್ತದೆ. ಐಜಿಇ ಎಂಬ ಪ್ರತಿಕಾಯವು ಮೊದಲೇ ಸಿದ್ಧವಾಗಿ ಕಾದಿರುತ್ತದೆ. ಆಹಾರ ಒಳಹೊಕ್ಕ ಕೆಲವು ನಿಮಿಷಗಳಿಂದ ಎರಡು ಗಂಟೆಯ ಒಳಗೆ ಹಿಸ್ಟಮಿನ್ ಮುಂತಾದ ರಾಸಾಯನಿಕಗಳು ರಕ್ತಕ್ಕೆ ಸುರಿಯುತ್ತವೆ. ಆಗ ಹಳ್ಳಿಯವರು ‘ಪಿತ್ತದ ಗಂಧೆ’ ಎನ್ನುವ ದದ್ದುಗಳೇಳುತ್ತವೆ, ತುಟಿ ಊದುತ್ತದೆ, ವಾಂತಿಯಾಗುತ್ತದೆ. ಕೆಲವರಲ್ಲಿ ಗಂಟಲು ಬಿಗಿದು ಉಸಿರಾಟ ಕಷ್ಟವಾಗಿ ರಕ್ತದೊತ್ತಡ ಕುಸಿಯುತ್ತದೆ. ಈ ಕೊನೆಯ ಸ್ಥಿತಿಯೇ ಅನಾಫಿಲಾಕ್ಸಿಸ್. ಇದು ಪ್ರಾಣಾಂತಿಕವಾಗಬಲ್ಲುದು. (ಹಾಲು ಕುಡಿದರೆ ಹೊಟ್ಟೆಯುಬ್ಬರಿಸುವುದು ಬೇರೆ ಸಂಗತಿ, ಅದು ಹಾಲಿನ ಸಕ್ಕರೆ ಜೀರ್ಣವಾಗದ ತೊಂದರೆ, ಅಲರ್ಜಿಯಲ್ಲ.)

ವಿಚಿತ್ರವೆಂದರೆ, ‘ಅಭ್ಯಾಸವಾಗಬೇಕು’ ಎಂಬ ಹಿರಿಯರ ಮಾತಿನಲ್ಲಿ ಅರ್ಧ ಸತ್ಯವಿದೆ. 1908ರಲ್ಲಿ ಡಾ. ಆಲ್ಫ್ರೆಡ್ ಸ್ಕೋಫೀಲ್ಡ್ ಎಂಬ ಇಂಗ್ಲೆಂಡಿನ ವೈದ್ಯರು, ಮೊಟ್ಟೆಯ ಅಂಶ ತಗುಲಿದರೇ ಸಂಕಟಪಡುತ್ತಿದ್ದ 13 ವರ್ಷದ ಬಾಲಕನೊಬ್ಬನ ವೃತ್ತಾಂತವನ್ನು ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಒಂದು ಮೊಟ್ಟೆಯ ಹತ್ತು ಸಾವಿರದಲ್ಲಿ ಒಂದು ಭಾಗವನ್ನು ಗುಳಿಗೆಯೊಳಗಿಟ್ಟು ಕೊಡಲಾರಂಭಿಸಿ, ತಿಂಗಳುಗಟ್ಟಲೆ ಮೆಲ್ಲಮೆಲ್ಲನೆ ಏರಿಸುತ್ತ ಹೋಗಿ, ಕೊನೆಗೆ ಆ ಹುಡುಗನು ಮೊಟ್ಟೆ ತಿನ್ನುವಂತಾದನು. ಇಂದು ಬಾಯಿಯ ಮೂಲಕ ನೀಡುವ ಇಮ್ಯುನೋಥೆರಪಿ ಎಂದು ಕರೆಯಲ್ಪಡುವ ಚಿಕಿತ್ಸೆಯ ಬೀಜ ಅದೇ. ಹತ್ತು ಸಾವಿರದಲ್ಲಿ ಒಂದು ಭಾಗ! ನಮ್ಮ ಔತಣದ ಒಂದು ತುಂಡು ಕೇಕಿಗೂ ಆ ಗುಳಿಗೆಗೂ ಇರುವ ಅಂತರದಲ್ಲಿಯೇ ಮಗುವಿನ ಪ್ರಾಣ ನಿಂತಿದೆ ಎಂದರೆ ಅತಿಶಯೋಕ್ತಿಯಲ್ಲ.

ಈ ಚಿಕಿತ್ಸೆಯನ್ನು ಇತ್ತೀಚಿನ ವರ್ಷಗಳಲ್ಲಿ ಶಾಸ್ತ್ರೀಯವಾಗಿ ಪರೀಕ್ಷಿಸಲಾಗಿದೆ. ನೆಲಗಡಲೆಯ ಅಲರ್ಜಿಯಿದ್ದ 4ರಿಂದ 17 ವರ್ಷದ 496 ಮಕ್ಕಳ ಮೇಲೆ ನಡೆದ ಪಾಲಿಸೇಡ್ ಎಂಬ ಪ್ರಯೋಗದ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಮೊದಲ ದಿನ ಅರ್ಧ ಮಿಲಿಗ್ರಾಮ್ ಪ್ರೋಟೀನಿನಿಂದ ಆರಂಭ. ಬಳಿಕ ಎರಡೆರಡು ವಾರಕ್ಕೊಮ್ಮೆ ಚಿಕಿತ್ಸಾಲಯದಲ್ಲಿ ವೈದ್ಯರ ಕಣ್ಣೆದುರಿನಲ್ಲಿಯೇ ಪ್ರಮಾಣವನ್ನು ಏರಿಸಿ, ದಿನಕ್ಕೆ 300 ಮಿಲಿಗ್ರಾಮಿನವರೆಗೆ, ಅಂದರೆ ಸುಮಾರು ಒಂದು ನೆಲಗಡಲೆ ಬೀಜದಷ್ಟಕ್ಕೆ, ತರಲಾಯಿತು. ಕೊನೆಯಲ್ಲಿ ಚಿಕಿತ್ಸೆ ಪಡೆದವರಲ್ಲಿ ಶೇಕಡಾ 67 ಮಂದಿ ಒಮ್ಮೆಗೆ 600 ಮಿಲಿಗ್ರಾಮ್ ಪ್ರೋಟೀನನ್ನು ತಾಳಿಕೊಂಡರು. ಹುಸಿಪುಡಿ ಪಡೆದವರಲ್ಲಿ ಶೇಕಡಾ 4 ಮಂದಿ ಮಾತ್ರ. 2020ರ ಜನವರಿಯಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆಯು ಈ ಪುಡಿಗೆ ಅನುಮತಿ ನೀಡಿತು. ಆಹಾರದ ಅಲರ್ಜಿಗೆಂದು ಅಲ್ಲಿ ಅನುಮತಿ ಪಡೆದ ಮೊದಲ ಔಷಧ ಇದೇ.

ಇಷ್ಟನ್ನೇ ಓದಿ ಸಂಭ್ರಮಪಡುವ ತಂದೆತಾಯಿಯರು ಮುಂದಿನದನ್ನೂ ಓದಬೇಕು. ಎರಡು ಬೀಜದಷ್ಟು ತಾಳಿಕೊಳ್ಳುವುದೆಂದರೆ ಗುಣವಾಯಿತೆಂದಲ್ಲ. ಯಾರದೋ ಅಜಾಗ್ರತೆಯಿಂದ ಚೂರು ಬಾಯಿಗೆ ಬಿದ್ದರೂ ಮಗುವಿನ ಜೀವಕ್ಕೆ ಎರವಾಗದು ಎಂಬುದಷ್ಟೇ ಅದರ ಅರ್ಥ. ಅದಕ್ಕಾಗಿ ಪ್ರತಿದಿನ ತಪ್ಪದೆ ಆ ಪ್ರಮಾಣವನ್ನು ಸೇವಿಸುತ್ತಿರಬೇಕು. ಅಮೆರಿಕದ ಸ್ಟಾನ್‌ಫರ್ಡ್ ವಿಶ್ವವಿದ್ಯಾಲಯದ ವೈದ್ಯರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ವರ್ಷ ಚಿಕಿತ್ಸೆ ಪಡೆದು ಬಳಿಕ ನೆಲಗಡಲೆಯನ್ನು ಪೂರ್ತಿಯಾಗಿ ನಿಲ್ಲಿಸಿದವರಲ್ಲಿ ಒಂದು ವರ್ಷದ ನಂತರ ಪರೀಕ್ಷೆಯಲ್ಲಿ ಗೆದ್ದವರು ಶೇಕಡಾ 13 ಮಾತ್ರ. ಇನ್ನು ಚಿಕಿತ್ಸೆಯ ಅಪಾಯ. ಅದೇ ವರ್ಷ ಹನ್ನೆರಡು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಚಿಕಿತ್ಸೆ ಪಡೆಯುತ್ತಿದ್ದವರಲ್ಲಿ ಸುಮಾರು ಶೇಕಡಾ 22 ಮಂದಿಗೆ ಅನಾಫಿಲಾಕ್ಸಿಸ್ ಉಂಟಾಗಿತ್ತು. ಆ ಆಹಾರವನ್ನು ವರ್ಜಿಸಿಕೊಂಡು ಬಂದವರಲ್ಲಿ ಅಥವಾ ಹುಸಿ ಔಷಧ ಪಡೆದವರಲ್ಲಿ ಸುಮಾರು ಶೇಕಡಾ 7. ರಕ್ಷಣೆಗೆಂದು ಕೊಡುವ ಚಿಕಿತ್ಸೆಯೇ ಆ ಅವಧಿಯಲ್ಲಿ ಆಘಾತಗಳನ್ನು ಹೆಚ್ಚಿಸುತ್ತದೆ ಎಂಬ ಈ ಸತ್ಯವನ್ನು ಮುಚ್ಚಿಡದೆ ಹೇಳಿದ ಸಂಶೋಧಕರ ಪ್ರಾಮಾಣಿಕತೆ ಮೆಚ್ಚತಕ್ಕದ್ದು. ಜ್ವರ ಬಂದ ದಿನ, ಓಡಾಡಿ ದಣಿದ ಹೊತ್ತಿನಲ್ಲಿ, ಬಿಸಿನೀರಿನ ಸ್ನಾನದ ನಂತರ, ನಿನ್ನೆ ತಾಳಿಕೊಂಡ ಪ್ರಮಾಣವೇ ಇಂದು ಸಂಕಟ ತರಬಹುದು. ಇವನ್ನೆಲ್ಲ ಬಲ್ಲ ತಜ್ಞರಿಲ್ಲದೆ ಅಡಿಗೆಮನೆಯಲ್ಲಿ ಚಮಚ ಹಿಡಿದು ಈ ಪ್ರಯೋಗಕ್ಕೆ ಹೊರಡುವುದು ಧೈರ್ಯವಲ್ಲ, ಉದ್ಧಟತನ.

ಎಳೆಯ ವಯಸ್ಸಿನಲ್ಲಿ ಆರಂಭಿಸಿದರೆ ಫಲ ಹೆಚ್ಚೆಂಬ ಭರವಸೆಯೂ ಇದೆ. ಒಂದರಿಂದ ಮೂರು ವರ್ಷದ ಮಕ್ಕಳ ಮೇಲೆ ಅಮೆರಿಕದಲ್ಲಿ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಚಿಕಿತ್ಸೆ ಮುಗಿಸಿ ಆರು ತಿಂಗಳು ನೆಲಗಡಲೆಯನ್ನು ಬಿಟ್ಟಿದ್ದ ಬಳಿಕವೂ ಶೇಕಡಾ 21 ಮಕ್ಕಳು ಅದನ್ನು ತಾಳಿಕೊಂಡರು. ಐದರಲ್ಲಿ ಒಂದು ಮಗು. ಹೆಚ್ಚೆನ್ನಿಸದಿದ್ದರೂ ಆ ಮನೆಯವರಿಗೆ ಅದು ಲೋಕವೇ ಸರಿ. ಹಾಗಿದ್ದರೂ, ಎಲ್ಲವನ್ನೂ ಕೇಳಿ ತಿಳಿದು ‘ನಮಗೆ ಈ ಚಿಕಿತ್ಸೆ ಬೇಡ, ಎಚ್ಚರದಿಂದ ವರ್ಜಿಸಿಯೇ ಬಾಳುತ್ತೇವೆ’ ಎನ್ನುವ ದಂಪತಿಗಳನ್ನು ಹೇಡಿಗಳೆಂದು ಯಾರೂ ಹಳಿಯಬಾರದು. ದಿನವೂ ಮಗುವಿನ ಬಾಯಿಗೆ ಅದು ಹೆದರುವ ಪದಾರ್ಥವನ್ನೇ ಇಡುವ ಕಷ್ಟವನ್ನು ಹೊರಗಿನವರು ಅಳೆಯಲಾರರು.

ಚಿಕಿತ್ಸೆಯ ಮಾತು ಹೀಗಾದರೆ ತಡೆಗಟ್ಟುವಿಕೆಯ ಕಥೆ ಬೇರೆ, ಮತ್ತು ವೈದ್ಯರಿಗೇ ಪಾಠ ಕಲಿಸಿದ ಕಥೆ. 2000ದಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯು, ಅಲರ್ಜಿಯ ಸಂಭವ ಹೆಚ್ಚಿರುವ ಕುಟುಂಬಗಳ ಮಕ್ಕಳಿಗೆ ಮೂರು ವರ್ಷ ತುಂಬುವವರೆಗೆ ನೆಲಗಡಲೆ ಕೊಡಬೇಡಿರೆಂದು ಸಲಹೆಯಿತ್ತಿತು. ಆದರೂ ಅಲರ್ಜಿ ಕಡಿಮೆಯಾಗಲಿಲ್ಲ. ಲಂಡನ್ನಿನ ಪ್ರಾಧ್ಯಾಪಕ ಗಿಡಿಯನ್ ಲ್ಯಾಕ್ ಅವರು ಇಸ್ರೇಲಿನಲ್ಲಿ ವೈದ್ಯರ ಸಭೆಯೊಂದರಲ್ಲಿ, ನೆಲಗಡಲೆಯ ಅಲರ್ಜಿಯಿರುವ ಮಗುವನ್ನು ಇತ್ತೀಚೆಗೆ ನೋಡಿದವರು ಕೈಯೆತ್ತಿರೆಂದಾಗ ಎದ್ದದ್ದು ಎರಡು ಮೂರು ಕೈಗಳು ಮಾತ್ರ. ಲಂಡನ್ನಿನಲ್ಲಾಗಿದ್ದರೆ ಹೆಚ್ಚುಕಡಿಮೆ ಎಲ್ಲರ ಕೈ ಏಳುತ್ತಿತ್ತು. 2008ರಲ್ಲಿ ಲೆಕ್ಕ ಹಾಕಿ ನೋಡಿದಾಗ ಬ್ರಿಟನ್ನಿನ ಯೆಹೂದಿ ಮಕ್ಕಳಲ್ಲಿ ಈ ಅಲರ್ಜಿ ಶೇಕಡಾ 1.85, ಇಸ್ರೇಲಿನ ಯೆಹೂದಿ ಮಕ್ಕಳಲ್ಲಿ ಶೇಕಡಾ 0.17. ಇಸ್ರೇಲಿನ ಶಿಶುಗಳು ನೆಲಗಡಲೆಯಿಂದ ಮಾಡಿದ ‘ಬಾಂಬಾ’ ಎಂಬ ತಿಂಡಿಯನ್ನು ವರ್ಷ ತುಂಬುವ ಮೊದಲೇ ಚಪ್ಪರಿಸುತ್ತವೆ! ಈ ಸುಳಿವನ್ನು ಹಿಡಿದು ಲ್ಯಾಕ್ ಅವರ ತಂಡವು 4ರಿಂದ 11 ತಿಂಗಳ 640 ಶಿಶುಗಳನ್ನು ಐದು ವರ್ಷದವರೆಗೆ ಅನುಸರಿಸಿತು. ಆರಂಭದ ಚರ್ಮಪರೀಕ್ಷೆಯಲ್ಲಿ ಏನೂ ಕಾಣದಿದ್ದ ಶಿಶುಗಳ ಪೈಕಿ, ನೆಲಗಡಲೆ ವರ್ಜಿಸಿದವರಲ್ಲಿ ಶೇಕಡಾ 13.7 ಮಕ್ಕಳಿಗೆ ಅಲರ್ಜಿ ಬಂದರೆ, ತಿಂದವರಲ್ಲಿ ಶೇಕಡಾ 1.9 ಮಕ್ಕಳಿಗೆ ಮಾತ್ರ ಬಂತು. 2015ರಲ್ಲಿ ಇದು ಪ್ರಕಟವಾದ ಮೇಲೆ ಪಾಶ್ಚಾತ್ಯ ದೇಶಗಳ ಸಲಹೆ ತಲೆಕೆಳಗಾಯಿತು. ಆದರೆ ಇದು ಇನ್ನೂ ಅಲರ್ಜಿ ಬಾರದ ಶಿಶುವಿನ ಮಾತು. ಬಂದಿರುವ ಮಗುವಿಗೆ ಅನ್ವಯಿಸುವಂಥದ್ದಲ್ಲ. ಶಿಶುವಿಗೆ ಕೊಡುವುದಾದರೂ ನುಣ್ಣಗೆ ಅರೆದು ಕೊಡಬೇಕು, ಇಡೀ ಬೀಜ ಉಸಿರ್ನಾಳಕ್ಕೆ ಸಿಕ್ಕಿಕೊಂಡೀತು.

ನಮ್ಮ ನಾಡಿನ ಸ್ಥಿತಿಯೇನು? ಯುರೋಪಿನ ಸಹಯೋಗದಿಂದ ಕರ್ನಾಟಕದಲ್ಲಿ ವಯಸ್ಕರ ಸಮೀಕ್ಷೆಯೊಂದು ನಡೆದು 2016ರಲ್ಲಿ ಪ್ರಕಟವಾಯಿತು. ರಕ್ತದಲ್ಲಿ ಯಾವುದಾದರೊಂದು ಆಹಾರದ ವಿರುದ್ಧ ಐಜಿಇ ಇದ್ದವರು ಶೇಕಡಾ 26.5, ನಿಜವಾಗಿ ಅಲರ್ಜಿ ಇರಬಹುದಾದವರು ಶೇಕಡಾ 1.2 ಮಾತ್ರ! ಈ ಎರಡು ಅಂಕೆಗಳ ನಡುವಿನ ಕಂದರವನ್ನು ಪ್ರತಿಯೊಬ್ಬ ತಾಯಿಯೂ ನೆನಪಿನಲ್ಲಿಡಬೇಕು. ಏಕೆಂದರೆ ಮಗುವಿಗೆ ತುರಿಕೆ ಬಂದೊಡನೆ ಪ್ರಯೋಗಾಲಯಕ್ಕೆ ಕರೆದೊಯ್ದು, ಹತ್ತಾರು ಆಹಾರಗಳ ಪಟ್ಟಿಯ ರಕ್ತಪರೀಕ್ಷೆ ಮಾಡಿಸಿ, ‘ಪಾಸಿಟಿವ್’ ಎಂದು ಕಂಡುದನ್ನೆಲ್ಲ ತಟ್ಟೆಯಿಂದ ತೆಗೆದುಹಾಕುವವರಿದ್ದಾರೆ. ಹಾಲು, ಗೋಧಿ, ಮೊಟ್ಟೆ, ಮೀನು ಎಲ್ಲವೂ ಹೋದ ಮೇಲೆ ಬೆಳೆಯುವ ಮಗುವಿಗೆ ಉಳಿಯುವುದೇನು? ತಿಂದಾಗ ಏನಾಯಿತು, ಎಷ್ಟು ಹೊತ್ತಿಗೆ ಆಯಿತು ಎಂಬ ವಿವರವೇ ಮುಖ್ಯ. ಪರೀಕ್ಷೆ ಅದಕ್ಕೆ ಪೂರಕವಾಗಬೇಕೇ ಹೊರತು ಅದರ ಸ್ಥಾನವನ್ನು ಆಕ್ರಮಿಸಬಾರದು.

ಹೀಗೆ ಅಲರ್ಜಿಯುಳ್ಳವರು ನಮ್ಮಲ್ಲಿ ಕೆಲವರೇ. ಕೆಲವರಾದುದರಿಂದಲೇ ಅವರ ಮಾತನ್ನು ಯಾರೂ ನಂಬುವುದಿಲ್ಲ. ಕ್ರಿಸ್ಮಸ್ಸಿನಲ್ಲಿ ಮನೆಯಿಂದ ಮನೆಗೆ ಹೋಗುವ ಕುಸ್ವಾರಿನ ತಟ್ಟೆಯಲ್ಲಿ ಮೊಟ್ಟೆ, ಗೇರುಬೀಜ, ಗೋಧಿ, ಎಳ್ಳು ಒಂದರ ಪುಡಿ ಇನ್ನೊಂದಕ್ಕೆ ಮೆತ್ತಿಕೊಂಡಿರುತ್ತದೆ. ಬೇರೆ ಬೇರೆ ಪೊಟ್ಟಣಗಳಲ್ಲಿ ಕಟ್ಟಿ, ಏನೇನು ಹಾಕಿದೆಯೆಂದು ಒಂದು ಚೀಟಿಯಲ್ಲಿ ಬರೆದಿಡಲು ಎಷ್ಟು ಶ್ರಮ? ಧರ್ಮೋಪದೇಶದ ತರಗತಿಗೆ, ಶಿಬಿರಕ್ಕೆ ಮಗುವನ್ನು ಕಳುಹಿಸುವಾಗ ಉಪಾಧ್ಯಾಯರಿಗೆ ಬರಹದಲ್ಲಿ ತಿಳಿಸಬೇಕು. ಉಸಿರಿಗೆ ತೊಂದರೆಯಾದರೆ ಮೊದಲು ಬೇಕಾದುದು ತೊಡೆಯ ಹೊರಭಾಗದ ಸ್ನಾಯುವಿಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದು. ತುರಿಕೆಯ ಮಾತ್ರೆ ನುಂಗಿಸಿ ಕಾಯುತ್ತ ಕುಳಿತರೆ ಸಮಯ ಮೀರಿಹೋಗುತ್ತದೆ. ಅಡ್ರಿನಲಿನ್ ಭಾರತದ ಅಗತ್ಯ ಔಷಧಗಳ ಪಟ್ಟಿಯಲ್ಲಿರುವ ಹಳೆಯ ಔಷಧ. ಶಿಬಿರದ ಸ್ಥಳಕ್ಕೆ ಅತ್ಯಂತ ಹತ್ತಿರದಲ್ಲಿ ಅದು ದೊರೆಯುವ ಆಸ್ಪತ್ರೆ ಯಾವುದೆಂದು ಮೊದಲೇ ವಿಚಾರಿಸಿಟ್ಟುಕೊಳ್ಳುವುದು ಆಯೋಜಕರ ಹೊಣೆ.

ಗೋಧಿಯ ಅಲರ್ಜಿಯಿರುವ ಮಗುವಿನ ತಾಯಿತಂದೆಯರಿಗೆ ಇನ್ನೊಂದು ಚಿಂತೆ ಇರುತ್ತದೆ, ಅದನ್ನು ಬಾಯಿಬಿಟ್ಟು ಕೇಳಲು ಹಿಂಜರಿಯುತ್ತಾರೆ. ಧರ್ಮಸಭೆಯ ಕಾನೂನು ಸಂಹಿತೆಯ 924ನೆಯ ನಿಯಮದಂತೆ ಬಲಿಪೂಜೆಯ ರೊಟ್ಟಿ ಗೋಧಿಯದೇ ಆಗಿರಬೇಕು. ಅಕ್ಕಿಯ ಓಸ್ತಿಗೆ ಅವಕಾಶವಿಲ್ಲ. ಸೀಲಿಯಾಕ್ ಎಂಬ ಕರುಳಿನ ಕಾಯಿಲೆಯವರಿಗಾಗಿ, ಅಂಟಿನಂಶ ಅತಿ ಕಡಿಮೆಯಿರುವ ಓಸ್ತಿಯನ್ನು ಬಳಸಬಹುದೆಂದು ವ್ಯಾಟಿಕನ್ 2003ರಲ್ಲಿ ತಿಳಿಸಿ 2017ರಲ್ಲಿ ಪುನಃ ಜ್ಞಾಪಿಸಿತು. ಆದರೆ ಗೋಧಿಯ ಅಲರ್ಜಿ ಸೀಲಿಯಾಕ್ ಅಲ್ಲ. ಆ ಓಸ್ತಿಯೂ ಗೋಧಿಯದೇ, ಆದುದರಿಂದ ಅಲರ್ಜಿಯ ಮಗುವಿಗೆ ಅದು ಸುರಕ್ಷಿತವೆಂದು ಭಾವಿಸಬಾರದು. ಅಂಥವರಿಗೆ 925ನೆಯ ನಿಯಮವಿದೆ: ಅಗತ್ಯವಿದ್ದಲ್ಲಿ ದ್ರಾಕ್ಷಾರಸದ ರೂಪದಲ್ಲಿ ಮಾತ್ರವೇ ಪರಮಪ್ರಸಾದವನ್ನು ನೀಡಬಹುದು. ಪೂಜೆಯಲ್ಲಿ ಗುರುಗಳು ಓಸ್ತಿಯ ಒಂದು ಚೂರನ್ನು ಪಾನಪಾತ್ರೆಯೊಳಗೆ ಹಾಕುವುದರಿಂದ ಮಗುವಿಗೆ ಪ್ರತ್ಯೇಕ ಪಾತ್ರೆಯೇ ಬೇಕು. ಈ ವಿಷಯವನ್ನು ಪ್ರಥಮ ಪರಮಪ್ರಸಾದದ ದಿನ ಬೆಳಿಗ್ಗೆ ದೇವಾಲಯದ ಬಾಗಿಲಲ್ಲಿ ಹೇಳಿದರೆ ಗುರುಗಳಿಗೂ ಕಷ್ಟ, ಮಗುವಿಗೂ ಮುಜುಗರ. ತರಗತಿಗಳು ಆರಂಭವಾಗುವ ವಾರವೇ ಗುರುಗಳನ್ನು ಕಂಡು ಮಾತನಾಡುವುದು ಒಳಿತು.