ತೂಕ ಬರೆದರೆ ಸಾಲದು, ಓದಿ ಹೇಳಬೇಕು: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,



ನಮ್ಮ ರಾಜ್ಯದ ಬಸುರಿಯರ ಕೈಯಲ್ಲಿರುವ ತಾಯಿ ಕಾರ್ಡಿನಲ್ಲಿ ತೂಕ ಬರೆಯಲು ಜಾಗವಿದೆ. ತಪಾಸಣೆಗೆ ಹೋದಾಗಲೆಲ್ಲ ಸಿಸ್ಟರ್ ಮಷೀನಿನ ಮೇಲೆ ನಿಲ್ಲಿಸಿ ಅಂಕಿ ಬರೆಯುತ್ತಾರೆ. ಹಿಂದೆ ನೂರು ಜನ ಸಾಲಿನಲ್ಲಿರುವಾಗ ಆ ಅಂಕಿಯ ಬಗ್ಗೆ ಒಂದು ಮಾತೂ ಆಡದೆ ಮುಂದಿನವಳನ್ನು ಕರೆಯುತ್ತಾರೆ. ಹೋದ ತಿಂಗಳಿಗಿಂತ ಏರಿದೆಯೋ, ನಿಂತಲ್ಲೇ ನಿಂತಿದೆಯೋ, ಏರಿದ್ದು ಸಾಕೋ, ಹೆಚ್ಚಾಯಿತೋ ಎಂಬುದು ಕಾರ್ಡು ಹಿಡಿದವಳಿಗೇ ತಿಳಿಯುವುದಿಲ್ಲ. ತಮ್ಮಲ್ಲಿ ನಾನು ಕೇಳುವುದು ಇಷ್ಟೇ: ಬರೆದ ತೂಕವನ್ನು ಅವಳಿಗೆ ಓದಿ ಹೇಳುವ ವ್ಯವಸ್ಥೆ ಮಾಡಿ.

ಹೇಳದೆ ಬಿಟ್ಟ ಜಾಗವನ್ನು ಮನೆಯ ಮಾತು ತುಂಬುತ್ತದೆ. ಒಂದು ಮನೆಯಲ್ಲಿ 'ಎರಡು ಜೀವ, ಇಬ್ಬರ ಊಟ ಮಾಡು' ಎನ್ನುತ್ತಾರೆ. ಇನ್ನೊಂದು ಮನೆಯಲ್ಲಿ 'ಜಾಸ್ತಿ ಉಂಡರೆ ಕೂಸು ದಪ್ಪಗಾಗಿ ಹೆರಿಗೆ ಕಷ್ಟವಾಗುತ್ತೆ' ಎಂದು ತಟ್ಟೆಯಲ್ಲಿದ್ದುದನ್ನೂ ಕಡಿಮೆ ಮಾಡಿಸುತ್ತಾರೆ. ಎರಡೂ ಪ್ರೀತಿಯಿಂದ ಬಂದ ಮಾತೇ. ಎರಡರಿಂದಲೂ ತೊಂದರೆಯಿದೆ. ದಿನಕ್ಕೆ ಹೆಚ್ಚುವರಿಯಾಗಿ ಬೇಕಾದದ್ದು ಸುಮಾರು 350 ಕ್ಯಾಲೊರಿ ಎಂದು ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳಿದೆ. ಅದು ಇನ್ನೊಬ್ಬರ ಪೂರ್ತಿ ಊಟವಲ್ಲ, ಬಿಟ್ಟರೆ ನಡೆದೀತು ಎನ್ನುವಷ್ಟು ಕಡಿಮೆಯೂ ಅಲ್ಲ.

ಎಷ್ಟು ಏರಬೇಕೆಂಬುದು ಹೆಂಗಸಿನಿಂದ ಹೆಂಗಸಿಗೆ ಬೇರೆ. ನಮ್ಮಲ್ಲಿ ಸಾಮಾನ್ಯವಾಗಿ ಹೇಳುವುದು 10ರಿಂದ 12 ಕಿಲೋ. ಆದರೆ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2009ರಲ್ಲಿ ಕೊಟ್ಟ ಲೆಕ್ಕದಂತೆ ತೀರ ತೆಳ್ಳಗಿರುವವಳು 12.5ರಿಂದ 18 ಕಿಲೋ ಏರಬೇಕು, ಬೊಜ್ಜಿರುವವಳಿಗೆ 5ರಿಂದ 9 ಕಿಲೋ ಸಾಕು. ನಮ್ಮವರ ಮೈಕಟ್ಟಿಗೆ ಒಪ್ಪುವ ಅಳತೆಯನ್ನು ನಮ್ಮ ತಜ್ಞರೇ ಗೊತ್ತುಮಾಡಲಿ. ಎಲ್ಲರಿಗೂ ಒಂದೇ ಉಪದೇಶ ಸಲ್ಲದು ಎಂಬುದಂತೂ ಖಚಿತ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆಂಗಸರಲ್ಲಿ ಶೇ. 17ರಷ್ಟು ಮಂದಿ ಬೇಕಾದ್ದಕ್ಕಿಂತ ತೆಳ್ಳಗಿದ್ದಾರೆ, ಶೇ. 30ರಷ್ಟು ಮಂದಿಯ ತೂಕ ಹೆಚ್ಚು. ಒಂದೇ ಬೀದಿಯಲ್ಲಿ, ಒಂದೇ ಅಂಗನವಾಡಿಯಲ್ಲಿ ಈ ಇಬ್ಬರೂ ಇದ್ದಾರೆ.

ಬಸುರಿಯ ತೂಕ ಯಾಕಿಷ್ಟು ಮುಖ್ಯ ಎಂಬುದಕ್ಕೆ ಸಾಕ್ಷಿ ಮೈಸೂರಿನಲ್ಲೇ ಇದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯವರು 1934ರಿಂದಲೇ ಹುಟ್ಟಿದ ಕೂಸುಗಳ ತೂಕ, ಉದ್ದ ಬರೆದಿಟ್ಟಿದ್ದರು. ಆ ಕೂಸುಗಳು ನಡುವಯಸ್ಸಿಗೆ ಬಂದ ಮೇಲೆ ಸಂಶೋಧಕರು ಅವರನ್ನು ಹುಡುಕಿ ಪರೀಕ್ಷಿಸಿದರು. ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದ್ರೋಗ ಹೆಚ್ಚಿತ್ತು. ತಾಯಿಯೂ 45 ಕಿಲೋಗಿಂತ ಹಗುರವಿದ್ದಲ್ಲಿ ಎಲ್ಲರಿಗಿಂತ ಹೆಚ್ಚು. ಸಕ್ಕರೆ ಕಾಯಿಲೆಯಾದರೋ ಉದ್ದ ಕಡಿಮೆಯಿದ್ದು ದುಂಡಗೆ ಹುಟ್ಟಿದವರಲ್ಲಿ, ಹೆಚ್ಚು ತೂಕದ ತಾಯಂದಿರ ಮಕ್ಕಳಲ್ಲಿ ಹೆಚ್ಚಾಗಿ ಕಂಡಿತು. ಬಸುರಿಯ ಒಂಬತ್ತು ತಿಂಗಳು ಮಗುವಿನ ಐವತ್ತನೆಯ ವರ್ಷದವರೆಗೂ ಕೈ ಚಾಚುತ್ತದೆ ಎಂದು ಜಗತ್ತಿಗೆ ತೋರಿಸಿದ ಊರುಗಳಲ್ಲಿ ನಮ್ಮ ಮೈಸೂರೂ ಒಂದು, ಸಚಿವರೇ.

ಇನ್ನು ನಮ್ಮ ವ್ಯವಸ್ಥೆ ಎಡವುವ ಎರಡು ಕಡೆಗಳನ್ನು ಹೇಳುತ್ತೇನೆ. ಮೂರು ತಿಂಗಳು ತುಂಬುವವರೆಗೆ ಬಸಿರಿನ ಸುದ್ದಿ ಹೊರಗೆ ಬಿಡಬಾರದೆಂಬ ವಾಡಿಕೆ ನಮ್ಮಲ್ಲಿದೆ. ಹೀಗಾಗಿ ಎಷ್ಟೋ ಜನರ ಮೊದಲ ತೂಕ ದಾಖಲಾಗುವುದೇ ನಾಲ್ಕನೆಯ ತಿಂಗಳಲ್ಲಿ. ಎಲ್ಲಿಂದ ಹೊರಟಿತೆಂದು ಗೊತ್ತಿಲ್ಲದಿದ್ದರೆ ಎಷ್ಟು ಏರಿತೆಂದು ಹೇಳುವುದು ಹೇಗೆ? ಎರಡನೆಯದು ಚೊಚ್ಚಲ ಬಸುರಿ ಸೀಮಂತ ಮುಗಿಸಿಕೊಂಡು ತವರಿಗೆ ಹೋಗುವುದು. ಉತ್ತರ ಕರ್ನಾಟಕದಲ್ಲಿ ಕುಬಸ ಮುಗಿದ ಮೇಲೂ ಹೀಗೇ. ಊರು ಬೇರೆ, ಆಶಾ ಕಾರ್ಯಕರ್ತೆ ಬೇರೆ, ಮಷೀನೂ ಬೇರೆ. ಕೂಸು ಭರದಿಂದ ಬೆಳೆಯುವ ಕೊನೆಯ ತಿಂಗಳುಗಳಲ್ಲೇ ಲೆಕ್ಕದ ಎಳೆ ಕಡಿಯುತ್ತದೆ. ಆಗ ತೂಕ ದಿಢೀರನೆ ಏರಿ ಕೈಕಾಲು, ಮುಖ ಊದಿದರೆ ರಕ್ತದೊತ್ತಡ ನೋಡಲೇಬೇಕು; 'ಬಸುರಿಗೆ ಊತ ಸಹಜ' ಎಂದು ಸುಮ್ಮನಾದರೆ ತಾಯಿಯ ಜೀವಕ್ಕೇ ಅಪಾಯ.

2017ರ ಅಕ್ಟೋಬರ್ 2ರಂದು ರಾಜ್ಯದಾದ್ಯಂತ ಶುರುವಾದ, ಬಸುರಿಗೆ ಅಂಗನವಾಡಿಯಲ್ಲೇ ಮಧ್ಯಾಹ್ನದ ಊಟ ಬಡಿಸುವ ಮಾತೃಪೂರ್ಣ ಒಳ್ಳೆಯ ಯೋಜನೆ. ಬಿಸಿ ಅನ್ನ, ಸಾಂಬಾರು, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ ಇವೆಲ್ಲ ಬಸುರಿಯ ಬಾಯಿಗೇ ಸೇರಲಿ, ಮನೆಯಲ್ಲಿ ಹಂಚಿಹೋಗದಿರಲಿ ಎಂಬ ಕಾಳಜಿಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಬೆಳಿಗ್ಗೆಯೇ ಕೂಲಿಗೆ ಹೋದವಳು ಮಧ್ಯಾಹ್ನ ಅಂಗನವಾಡಿಗೆ ಬರಲಾರಳು. ಮಲೆನಾಡಿನ ಒಂಟಿ ಮನೆಯಿಂದ ಎಂಟು ತಿಂಗಳ ಬಸುರಿ ಗುಡ್ಡ ಹತ್ತಿ ಇಳಿದು ಬರಲಾರಳು. ತೆಳ್ಳಗಿದ್ದು ತೂಕ ಏರದವರ ಊಟವಾದರೂ ಮನೆಗೆ ತಲುಪಲಿ. ಆ ಯೋಜನೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯದು, ತೂಕದ ಅಂಕಿ ತಮ್ಮ ಇಲಾಖೆಯದು. ಯಾರ ತೂಕ ನಿಂತಿದೆ ಎಂಬ ಸುದ್ದಿ ಸಿಸ್ಟರಿಂದ ಅಂಗನವಾಡಿ ಟೀಚರಿಗೆ ಅದೇ ವಾರ ಮುಟ್ಟಬೇಕು. ತೂಕ ಹೆಚ್ಚಿರುವವಳಿಗೆ ಗದರಿಕೆ ಬೇಡ. ಅನ್ನ ಸ್ವಲ್ಪ ತಗ್ಗಿಸಿ ಕಾಳು, ಸೊಪ್ಪು, ಮೊಟ್ಟೆ ಹೆಚ್ಚಿಸುವುದು ಹೇಗೆಂದು ಪಕ್ಕದಲ್ಲಿ ಕೂರಿಸಿಕೊಂಡು ಹೇಳಬೇಕು, ಸಕ್ಕರೆ ಪರೀಕ್ಷೆ ತಪ್ಪಿಸಬಾರದು.

ಪ್ರತಿ ತಿಂಗಳ 9ರಂದು ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ತಪಾಸಣೆ ಹೇಗೂ ನಡೆಯುತ್ತದೆ. ಅಂದು ತಾಯಿ ಕಾರ್ಡಿನಲ್ಲಿ ಪ್ರತಿಯೊಬ್ಬಳ ಎತ್ತರ, ಮೊದಲ ತೂಕ ನೋಡಿ, ಅವಳು ಮುಟ್ಟಬೇಕಾದ ತೂಕವನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆದು, ಅವಳಿಗೂ ಜೊತೆಗೆ ಬಂದ ಅತ್ತೆಗೋ ತಾಯಿಗೋ ಗಂಡನಿಗೋ ವಿವರಿಸಬೇಕೆಂದು ತಾವು ಒಂದು ಸುತ್ತೋಲೆ ಹೊರಡಿಸಿ. ಅದಕ್ಕೆ ಬೇಕಾದ ಸಿಬ್ಬಂದಿಯನ್ನೂ ಕೊಡಿ, ಸಮಯವನ್ನೂ ಕೊಡಿ. ಮುಂದಿನ 9ನೇ ತಾರೀಖಿನಿಂದಲೇ ಇದು ಆರಂಭವಾಗಲಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಇಂತಿ,
ತಮ್ಮ ವಿಶ್ವಾಸಿ